ಅಂಬಾಸಿಡರ್ ಇಂಜಿನ್ ಬಿಚ್ಚಿ ಕಟ್ಟುವಾಗ ಟ್ಯಾಪೆಟ್ ಗ್ಯಾಪ್ ಸರಿ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೇ ಅಂಬಾಸಿಡರ್ ಇಂಜಿನ್ನಿಗೆ ಬೋರಿಂಗ್ ಆಗಿದೆ, ಹೆಡ್ ಫೇಸಿಂಗ್ (ಹೆಡ್‌ನ ತಳ ಕೆರೆದು ಸಪಾಟು ಮಾಡುವುದು) ಆಗಿದೆ, ವಾಲ್ವ್ ಕೆಲಸವೂ ಮುಗಿದಿದೆ. ಆದರೂ ಸ್ಟಾರ್ಟ್ ಮಾಡಿದ ತಕ್ಷಣ ಮೇಲಿನಿಂದ ಟಕಟಕ ಶಬ್ದ. ಟ್ಯಾಪೆಟ್ ಅಡ್ಜಸ್ಟ್ ಮಾಡಿಸಿದರೆ, ಅಂದರೆ ವಾಲ್ವ್ ತುದಿಯ ಗ್ಯಾಪ್ ಸರಿ ಮಾಡಿಸಿದರೆ, ಸ್ವಲ್ಪ ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಇನ್ನು ಕೆಲವು ಇಂಜಿನ್ನುಗಳಲ್ಲಿ ಗ್ಯಾಪ್ ಹೊಂದಿಸುವ ಸ್ಕ್ರೂ ಪೂರ್ತಿ ಸಡಿಲ ಮಾಡಿದರೂ ಬೇಕಾದಷ್ಟು ಗ್ಯಾಪ್ ಸಿಗುವುದೇ ಇಲ್ಲ.

ಎರಡೂ ಕಡೆ ನಡೆಯುವ ತಪ್ಪು ಒಂದೇ. ಸ್ಕ್ರೂ ತಿರುಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವುದು. ಸ್ಕ್ರೂ ತಿರುಗಿಸುವುದು ಈ ಕೆಲಸದ ಕೊನೆಯ ಹಂತ. ಅದಕ್ಕೆ ಮುಂಚೆ ಆ ಸ್ಕ್ರೂ ಎಲ್ಲಿ ಬಂದು ನಿಂತಿದೆ ಎಂದು ನೋಡಿ. ಕ್ಯಾಮ್‌ನಿಂದ ವಾಲ್ವ್‌ವರೆಗೆ ಎಲ್ಲಿ ಏನು ಬದಲಾಗಿದೆ ಎಂಬುದನ್ನು ಅದೇ ಹೇಳುತ್ತದೆ.

ಇಲ್ಲಿ ಹೇಳುತ್ತಿರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಪೆಟ್ರೋಲ್ ಇಂಜಿನ್ ಬಗ್ಗೆ. ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಉತ್ತರಪಾರಾದಲ್ಲಿ ತಯಾರಿಸಿದ ಅಂಬಾಸಿಡರ್‌ಗೆ ದಶಕಗಳ ಕಾಲ ಇದೇ ಇಂಜಿನ್ ಇತ್ತು. ಬ್ರಿಟನ್ನಿನ ಎಂಜಿಎ, ಎಂಜಿಬಿ ಕಾರುಗಳ ಇಂಜಿನ್ನೂ ಇದೇ ಕುಟುಂಬದ್ದು. ಅದರಿಂದ ನಮಗೊಂದು ಅನುಕೂಲವಿದೆ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಮಾಹಿತಿ ಎಷ್ಟೋ ಸಲ ಎಂಜಿ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಇಸುಜು 1800 ಇಂಜಿನ್ ಇರುವ ನಂತರದ ಅಂಬಾಸಿಡರ್‌ಗೆ ಇಲ್ಲಿನ ಅಳತೆಗಳು ಹೊಂದುವುದಿಲ್ಲ.

ಗ್ಯಾಪ್ ಯಾಕೆ ಬೇಕು

ಈ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕ್‌ನಲ್ಲಿದೆ. ಅದು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರ್ ಆರ್ಮನ್ನು ಎತ್ತುತ್ತದೆ. ರಾಕರ್ ಆಚೆ ಕಡೆ ಬಾಗಿ ವಾಲ್ವ್ ಅನ್ನು ಕೆಳಕ್ಕೆ ಒತ್ತುತ್ತದೆ. ಗ್ಯಾಪ್ ಹೊಂದಿಸುವ ಸ್ಕ್ರೂ, ಅದನ್ನು ಬಿಗಿಹಿಡಿಯುವ ಲಾಕ್ ನಟ್ ಎರಡೂ ರಾಕರ್‌ನ ಪುಶ್ ರಾಡ್ ಕಡೆಯ ತುದಿಯಲ್ಲಿವೆ. ವಾಲ್ವ್ ಮುಚ್ಚಿದ್ದಾಗ ರಾಕರ್ ಮತ್ತು ವಾಲ್ವ್ ತುದಿಯ ನಡುವೆ ಸ್ವಲ್ಪ ಜಾಗ ಉಳಿಯಬೇಕು. ಪೆಟ್ರೋಲ್ ಬಿ ಸೀರೀಸ್‌ಗೆ ಸಾಮಾನ್ಯವಾಗಿ ಅದು 0.015 ಇಂಚು, ಅಂದರೆ 0.38 ಮಿ.ಮೀ. ಈ ಅಳತೆ ತಣ್ಣಗಿರುವಾಗಿನದೋ ಬಿಸಿಯಾಗಿರುವಾಗಿನದೋ ಎಂಬುದನ್ನು ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ. ಬೇರೆ ಕ್ಯಾಮ್ ಹಾಕಿದ್ದರೆ ಆ ಕ್ಯಾಮ್ ಕೊಟ್ಟವರು ಹೇಳಿದ ಅಳತೆಯೇ ಸರಿ.

ಗ್ಯಾಪ್ ಜಾಸ್ತಿಯಾದರೆ ಶಬ್ದ ಬರುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ, ರಾಕರ್ ತುದಿ ಬಡಿದು ಬಡಿದು ಸವೆಯುತ್ತದೆ. ಕಡಿಮೆಯಾದರೆ ಶಬ್ದ ಇರುವುದಿಲ್ಲ, ಆದರೆ ಹಾನಿ ದೊಡ್ಡದು. ವಾಲ್ವ್ ತನ್ನ ಬಿಸಿಯನ್ನು ಹೆಡ್‌ಗೆ ಬಿಡುವುದು ಮುಖ್ಯವಾಗಿ ಸೀಟ್ (ವಾಲ್ವ್ ಮುಚ್ಚಿದಾಗ ಹೆಡ್‌ನಲ್ಲಿ ಕೂರುವ ಅಂಚು) ಮೂಲಕ, ಅದೂ ಪೂರ್ತಿ ಮುಚ್ಚಿದ್ದಾಗ. ಮುಚ್ಚದೇ ಉಳಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಹಾಗಾಗಿ ಶಬ್ದವೇ ಇಲ್ಲದ ಇಂಜಿನ್ ನೋಡಿ ಖುಷಿಪಡುವ ಮುಂಚೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಉಕ್ಕಿನ ಪಟ್ಟಿ) ಹಾಕಿ ನೋಡಿ.

ಹಂತ 1: ಬಿಚ್ಚುವ ಮುಂಚೆ ಅಳೆಯಿರಿ

ತುಂಬಾ ಜನ ಬಿಡುವ ಹಂತ ಇದು. ರಾಕರ್ ಕವರ್ ತೆಗೆಯಿರಿ. ಎಂಟೂ ವಾಲ್ವ್‌ಗಳ ಗ್ಯಾಪ್ ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ. ಜೊತೆಗೆ ಪ್ರತಿ ಸ್ಕ್ರೂನ ತಲೆ ಲಾಕ್ ನಟ್‌ನಿಂದ ಎಷ್ಟು ಮೇಲಿದೆ ಎಂದು ವರ್ನಿಯರ್‌ನಲ್ಲಿ ಅಳೆದು ಬರೆಯಿರಿ. ಒಂದು ಫೋಟೋ ಕೂಡ ತೆಗೆದಿಡಿ. ಕಟ್ಟಿದ ಮೇಲೆ ಹೋಲಿಸಿ ನೋಡಲು ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ಇನ್ನು ರಾಕರ್‌ಗಳು ಕೂತಿರುವ ರಾಕರ್ ಶಾಫ್ಟ್ ಬಿಚ್ಚುವಾಗ ಒಂದು ಎಚ್ಚರಿಕೆ. ಈ ಇಂಜಿನ್ನಿನಲ್ಲಿ ರಾಕರ್ ಪೆಡೆಸ್ಟಲ್ (ಶಾಫ್ಟನ್ನು ಹೆಡ್ ಮೇಲೆ ಹೊತ್ತಿರುವ ಕಂಬ) ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ. ಬರೀ ಅವನ್ನಷ್ಟೇ ಬಿಚ್ಚಿದರೆ ಹೆಡ್ ಒಂದೇ ಕಡೆ ಎದ್ದು ಡೊಂಕಾಗಬಹುದು, ಗ್ಯಾಸ್ಕೆಟ್‌ಗೆ ನೀರು ಇಳಿಯಬಹುದು. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ. ಆಮೇಲೆ ಹೆಡ್‌ನ ಎಲ್ಲ ನಟ್‌ಗಳನ್ನೂ ಮ್ಯಾನ್ಯುಯಲ್‌ನಲ್ಲಿರುವ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ.

ಪುಶ್ ರಾಡ್ ಎಳೆಯುವಾಗ ಮೊದಲು ಸ್ವಲ್ಪ ತಿರುಚಿ. ಎಣ್ಣೆಗೆ ಅಂಟಿಕೊಂಡ ಟ್ಯಾಪೆಟ್ ಜೊತೆಗೇ ಎದ್ದು ಬರದಿರಲಿ. ಒಂದು ರಟ್ಟಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ರಾಡ್‌ಗಳನ್ನು ಅದರಲ್ಲಿ ಚುಚ್ಚಿಡಿ. ಬ್ಲಾಕ್‌ನ ಪಕ್ಕದ ಎರಡು ಕವರ್ ತೆಗೆದರೆ ಟ್ಯಾಪೆಟ್‌ಗಳು ಸಿಗುತ್ತವೆ. ಅವಕ್ಕೂ ನಂಬರ್ ಹಾಕಿ. ಹಳೇ ಕ್ಯಾಮ್ ಉಳಿಸುವುದಾದರೆ ಪ್ರತಿ ಟ್ಯಾಪೆಟ್ ತನ್ನದೇ ಜಾಗಕ್ಕೆ ವಾಪಸ್ ಹೋಗಬೇಕು.

ಹಂತ 2: ಒಂದೊಂದು ಭಾಗವನ್ನೂ ಪರೀಕ್ಷಿಸಿ

ಕೆಳಗಿನಿಂದ ಶುರು ಮಾಡಿ. ಟ್ಯಾಪೆಟ್‌ನ ತಳ ನೋಡುವುದಕ್ಕೆ ಸಪಾಟಾಗಿ ಕಂಡರೂ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ನೇರ ಅಂಚಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ತಳ ಗುಳಿಬಿದ್ದಿದೆ, ಬಿಸಾಡಿ. ಗುಳಿ, ಚಕ್ಕೆ ಎದ್ದ ಗುರುತು ಕಂಡರೂ ಅಷ್ಟೇ. ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ ಹಾಕಲೇಬೇಡಿ. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಹೊಸ ಕ್ಯಾಮ್‌ನ ಜೊತೆ ಹೋಗುತ್ತದೆ.

ಪುಶ್ ರಾಡ್‌ಗಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ. ಬಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಎಂಟರ ಉದ್ದವನ್ನೂ ಅಳೆಯಿರಿ. ಬಾಗಿದ್ದನ್ನು ಬಡಿದು ನೇರ ಮಾಡುವ ಕೆಲಸಕ್ಕೆ ಕೈಹಾಕಬೇಡಿ, ಬದಲಾಯಿಸಿ.

ರಾಕರ್ ವಿಷಯಕ್ಕೆ ಸ್ವಲ್ಪ ಸಮಯ ಕೊಡಿ. ಶಬ್ದದ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಬರುತ್ತವೆ. ವಾಲ್ವ್ ತಾಗುವ ತುದಿಯಲ್ಲಿ ವರ್ಷಗಳ ಬಡಿತಕ್ಕೆ ಒಂದು ಗುಳಿ ಬಿದ್ದಿರುತ್ತದೆ. ಫೀಲರ್ ಗೇಜ್ ಅಗಲವಾದ ಪಟ್ಟಿ ಅಲ್ವಾ? ಅದು ಗುಳಿಯೊಳಗೆ ಇಳಿಯುವುದಿಲ್ಲ, ಎರಡೂ ಅಂಚಿನ ಮೇಲೆ ಕೂರುತ್ತದೆ. ಗೇಜ್ 0.38 ತೋರಿಸುತ್ತದೆ. ನಿಜವಾದ ಗ್ಯಾಪ್ ಅದರ ಜೊತೆಗೆ ಗುಳಿಯ ಆಳವೂ ಸೇರಿದ್ದು. ಎಷ್ಟು ಸಲ ಅಡ್ಜಸ್ಟ್ ಮಾಡಿದರೂ ಟಕಟಕ ನಿಲ್ಲದಿರುವುದಕ್ಕೆ ಕಾರಣ ಇದು.

ಗುಳಿ ಸಣ್ಣದಾಗಿದ್ದರೆ ರಾಕರ್ ತುದಿಯ ಮೂಲ ಬಾಗು ಕೆಡದಂತೆ ಗ್ರೈಂಡ್ ಮಾಡಿಸಬಹುದು. ಆದರೆ ಆ ತುದಿಯ ಗಟ್ಟಿ ಪದರ ದಪ್ಪ ಇರುವುದಿಲ್ಲ. ಗುಳಿ ಆಳವಾಗಿದ್ದರೆ ರಾಕರ್ ಬದಲಾಯಿಸುವುದೇ ಸರಿ. ಕೈಯಲ್ಲಿ ಅರ ಹಿಡಿದು ಉಜ್ಜುವುದಂತೂ ಬೇಡ.

ರಾಕರ್ ಶಾಫ್ಟ್ ಹೊರತೆಗೆದು ಅದರ ಕೆಳಭಾಗದ ಮೇಲೆ ಉಗುರು ಓಡಿಸಿ. ಮೇಲಿನಿಂದ ನುಣುಪಾಗಿ ಕಾಣುವ ಶಾಫ್ಟ್‌ನ ಅಡಿಯಲ್ಲಿ ಮೆಟ್ಟಿಲು ಬಿದ್ದಿರುತ್ತದೆ, ಒತ್ತಡವೆಲ್ಲ ಆ ಕಡೆಗೇ ಬೀಳುವುದರಿಂದ. ಉಗುರು ಸಿಕ್ಕಿಕೊಂಡರೆ ಹೊಸ ಶಾಫ್ಟ್ ಹಾಕಿ. ರಾಕರ್ ಒಳಗಿನ ಬುಷ್‌ಗಳನ್ನೂ (ಶಾಫ್ಟ್ ಮೇಲೆ ಆಡುವ ಒಳಬಳೆ) ನೋಡಿ. ಹೊಸ ಬುಷ್ ಹಾಕಿದಾಗ ಎಣ್ಣೆಯ ತೂತು ರಾಕರ್‌ನ ತೂತಿಗೆ ಸರಿಯಾಗಿ ಕೂಡಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಸವೆದಿದ್ದರೆ ವಾಲ್ವ್ ಪ್ರತಿ ಸಲವೂ ಸೀಟ್ ಮೇಲೆ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಒಂದೇ ವಾಲ್ವ್‌ಗೆ ಪ್ರತಿ ಸಲವೂ ಬೇರೆ ಗ್ಯಾಪ್ ಬರುತ್ತಿದ್ದರೆ ಮೊದಲು ಗೈಡ್ ನೋಡಿ. ಗೈಡ್ ಬದಲಾಯಿಸಿದರೆ ಸೀಟ್ ಮತ್ತೆ ಕತ್ತರಿಸಲೇಬೇಕು. ಆ ಕ್ರಮ ಉಲ್ಟಾ ಆಗಬಾರದು.

ಹಂತ 3: ಹೆಡ್ ಕೆಲಸ ಮುಗಿದ ಮೇಲೆ ಏನೇನು ಬದಲಾಯಿತು

ಲೇತ್‌ಗೆ ಕೊಟ್ಟ ಹೆಡ್ ವಾಪಸ್ ಬಂದಾಗ ಎರಡು ಅಳತೆ ಕೇಳಿ ಬರೆದುಕೊಳ್ಳಿ. ಫೇಸಿಂಗ್‌ನಲ್ಲಿ ಎಷ್ಟು ತೆಗೆದರು? ವಾಲ್ವ್ ಸೀಟ್ ಎಷ್ಟು ಆಳಕ್ಕೆ ಹೋಯಿತು? ಎರಡನೆಯದು ಅವರಿಗೂ ಗೊತ್ತಿರದಿದ್ದರೆ ನೀವೇ ಅಳೆಯಿರಿ. ವಾಲ್ವ್‌ಗಳನ್ನು ಸ್ಪ್ರಿಂಗ್ ಇಲ್ಲದೆ ಸೀಟಿನಲ್ಲಿ ಕೂರಿಸಿ, ರಾಕರ್ ಪೆಡೆಸ್ಟಲ್ ಕೂರುವ ಸಪಾಟು ಜಾಗದಿಂದ ಪ್ರತಿ ವಾಲ್ವ್ ತುದಿ ಎಷ್ಟು ಎತ್ತರದಲ್ಲಿದೆ ಎಂದು ಡೆಪ್ತ್ ಗೇಜ್‌ನಲ್ಲಿ ನೋಡಿ. ಎಂಟೂ ಹತ್ತಿರ ಹತ್ತಿರ ಇರಬೇಕು. ಒಂದು ವಾಲ್ವ್ ಮಾತ್ರ ಮೇಲೆ ಬಂದಿದ್ದರೆ ಅದರ ಸೀಟ್ ಜಾಸ್ತಿ ಕತ್ತರಿಸಲಾಗಿದೆ.

ಇಲ್ಲಿ ಯೋಚನೆ ಸ್ಪಷ್ಟವಾಗಿರಬೇಕು, ಯಾಕೆಂದರೆ ಎರಡು ಬೇರೆ ಸಮಸ್ಯೆಗಳು ಒಂದೇ ಲಕ್ಷಣ ತೋರಿಸುತ್ತವೆ.

ಹೆಡ್ ಫೇಸಿಂಗ್ ಮಾಡಿದಾಗ ಇಡೀ ಹೆಡ್ ಕ್ಯಾಮ್‌ನ ಹತ್ತಿರಕ್ಕೆ ಬರುತ್ತದೆ. ಪುಶ್ ರಾಡ್ ಮಾತ್ರ ಮೊದಲಿನಷ್ಟೇ ಉದ್ದ. ಹಾಗಾಗಿ ಅದು ಹೆಡ್‌ನ ಲೆಕ್ಕದಲ್ಲಿ ಉದ್ದ ಜಾಸ್ತಿಯಾದಂತೆ. ಗ್ಯಾಪ್ ಕಡಿಮೆಯಾಗುತ್ತದೆ, ಸ್ಕ್ರೂ ಮೇಲಕ್ಕೆ ತಿರುಗಿಸಬೇಕಾಗುತ್ತದೆ. ಬ್ಲಾಕ್‌ನ ಮೇಲ್ಭಾಗ ಕೆರೆದರೂ ಇದೇ ಕತೆ.

ಸೀಟ್ ಕತ್ತರಿಸಿದಾಗ ವಾಲ್ವ್ ಹೆಡ್‌ನೊಳಗೆ ಹೂತುಕೊಳ್ಳುತ್ತದೆ, ಅದರ ತುದಿ ಮೇಲಕ್ಕೆ ಬರುತ್ತದೆ. ಆಗಲೂ ಗ್ಯಾಪ್ ಕಡಿಮೆ, ಆಗಲೂ ಸ್ಕ್ರೂ ಮೇಲಕ್ಕೆ.

ಗುರುತಿಸುವುದು ಹೀಗೆ. ಎಂಟೂ ಸ್ಕ್ರೂ ಸಮವಾಗಿ ಮೇಲೆ ಬಂದಿದ್ದರೆ ಮೊದಲ ಅನುಮಾನ ಫೇಸಿಂಗ್ ಮೇಲೆ. ಒಂದೆರಡು ಮಾತ್ರ ಬಂದಿದ್ದರೆ ಸೀಟ್. ಸ್ಕ್ರೂ ತೀರಾ ಕೆಳಗೆ ಹೋಗಿ ಲಾಕ್ ನಟ್‌ಗೆ ಹಿಡಿತ ಕಡಿಮೆಯಾಗಿದ್ದರೆ ಸಮಸ್ಯೆ ಉಲ್ಟಾ: ರೀಗ್ರೈಂಡ್ ಮಾಡಿದ (ಮತ್ತೆ ಅರೆದ) ಕ್ಯಾಮ್, ಸವೆದ ಟ್ಯಾಪೆಟ್, ಗಿಡ್ಡ ಪುಶ್ ರಾಡ್, ಅಥವಾ ತುದಿ ಜಾಸ್ತಿ ಗ್ರೈಂಡ್ ಆದ ವಾಲ್ವ್.

ಹಂತ 4: ಶಿಮ್ ಹಾಕಬೇಕೇ, ಪುಶ್ ರಾಡ್ ಬದಲಾಯಿಸಬೇಕೇ

ಹೆಡ್‌ನಿಂದ ಎಷ್ಟು ತೆಗೆದಿದ್ದಾರೋ ಅಷ್ಟೇ ದಪ್ಪದ ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಪೆಡೆಸ್ಟಲ್ ಕೆಳಗೆ ಹಾಕಿ ಎಂದು ಹೇಳುವವರು ಬಹಳ. ನಾನು ಇದನ್ನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಕಾರಣ ಇಷ್ಟೇ. ಫೇಸಿಂಗ್ ಮಾಡಿದಾಗ ಪೆಡೆಸ್ಟಲ್ ಮತ್ತು ವಾಲ್ವ್ ಎರಡೂ ಹೆಡ್ ಜೊತೆಗೇ ಕೆಳಗೆ ಬಂದವು. ಅವೆರಡರ ನಡುವಿನ ಲೆಕ್ಕ ಬದಲಾಗಿಲ್ಲ. ಈಗ ಶಿಮ್ ಹಾಕಿ ಪೆಡೆಸ್ಟಲ್ ಮಾತ್ರ ಎತ್ತಿದರೆ ರಾಕರ್ ತುದಿ ವಾಲ್ವ್ ಅನ್ನು ಬೇರೆ ಕೋನದಲ್ಲಿ ಮುಟ್ಟುತ್ತದೆ. ಅಂದರೆ ಪುಶ್ ರಾಡ್ ಕಡೆ ಸರಿಮಾಡಲು ಹೋಗಿ ವಾಲ್ವ್ ಕಡೆ ಕೆಡಿಸಿದ ಹಾಗೆ.

ಶಿಮ್ ನಿಜವಾಗಿ ಪರಿಹರಿಸುವುದು ಎರಡನೇ ಸಮಸ್ಯೆಯನ್ನು, ಅಂದರೆ ಸೀಟ್ ಕತ್ತರಿಸಿದ್ದರಿಂದ ಬಂದದ್ದನ್ನು. ವಾಲ್ವ್ ತುದಿಗಳು ಎಷ್ಟು ಮೇಲೆ ಬಂದಿವೆಯೋ ಅಷ್ಟು ಪೆಡೆಸ್ಟಲ್ ಎತ್ತಿದರೆ ರಾಕರ್ ಮತ್ತು ವಾಲ್ವ್ ಮೊದಲಿನ ಲೆಕ್ಕಕ್ಕೆ ಬರುತ್ತವೆ. ಹಾಗೆ ಎತ್ತಿದಾಗ ಪುಶ್ ರಾಡ್‌ನ ಜಾಸ್ತಿಯಾದ ಉದ್ದವೂ ಅಷ್ಟರಮಟ್ಟಿಗೆ ಬಳಕೆಯಾಗುತ್ತದೆ. ಹಳೇ ಹೆಡ್‌ಗಳಲ್ಲಿ ಫೇಸಿಂಗ್ ಮತ್ತು ಸೀಟ್ ಕೆಲಸ ಎರಡೂ ಒಟ್ಟಿಗೆ ಆಗುವುದರಿಂದಲೇ ಶಿಮ್ ಸೂತ್ರ ಎಷ್ಟೋ ಸಲ ಫಲ ಕೊಡುತ್ತದೆ.

ಹೀಗೆ ಮಾಡಿ. ಎಂಟೂ ವಾಲ್ವ್ ತುದಿಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮೇಲೆ ಬಂದಿದ್ದರೆ, ಅಷ್ಟೇ ದಪ್ಪದ ಶಿಮ್‌ಗಳನ್ನು ಎಲ್ಲ ಪೆಡೆಸ್ಟಲ್‌ಗಳ ಕೆಳಗೂ ಹಾಕಿ. ಒಂದಕ್ಕೆ ದಪ್ಪ, ಒಂದಕ್ಕೆ ತೆಳು ಹಾಕಿದರೆ ಶಾಫ್ಟ್ ಬಾಗುತ್ತದೆ. ಅದಾದ ಮೇಲೂ ಸ್ಕ್ರೂ ತೀರಾ ಮೇಲಿದ್ದರೆ ಉಳಿದದ್ದು ಪುಶ್ ರಾಡ್ ಉದ್ದದ ಸಮಸ್ಯೆ. ಅದಕ್ಕೆ ಗಿಡ್ಡ ಪುಶ್ ರಾಡ್ ಮಾಡಿಸಬೇಕು. ಒಂದೇ ವಾಲ್ವ್ ಮೇಲೆ ಬಂದಿದ್ದರೆ ಶಿಮ್ ಪ್ರಯೋಜನವಿಲ್ಲ. ಹೊಸ ಸೀಟ್ ರಿಂಗ್ ಕೂರಿಸಿ ವಾಲ್ವ್ ಅನ್ನು ಮೊದಲಿನ ಮಟ್ಟಕ್ಕೆ ಇಳಿಸುವುದು ಸರಿಯಾದ ದಾರಿ. ವಾಲ್ವ್ ತುದಿ ಗ್ರೈಂಡ್ ಮಾಡಿಸುವುದು ಅಗ್ಗದ ದಾರಿ. ಆದರೆ ತುದಿಯ ಗಟ್ಟಿ ಪದರ ಹೋಗುವಷ್ಟು ಮಾಡಿದರೆ ಕೆಲವೇ ಸಾವಿರ ಕಿ.ಮೀ.ನಲ್ಲಿ ಅದು ಅಣಬೆಯಂತೆ ಅರಳುತ್ತದೆ.

ಶಿಮ್ ಹಾಕುವಾಗ ಒಂದು ವಿಷಯ ಮರೆಯಬಾರದು. ರಾಕರ್‌ಗಳಿಗೆ ಎಣ್ಣೆ ಬ್ಲಾಕ್ ಮತ್ತು ಹೆಡ್ ಮೂಲಕ ಏರಿ ಹಿಂದಿನ ಪೆಡೆಸ್ಟಲ್‌ನಿಂದ ಶಾಫ್ಟ್‌ಗೆ ಬರುತ್ತದೆ. ಆ ಪೆಡೆಸ್ಟಲ್‌ನ ಶಿಮ್‌ನಲ್ಲಿ ಎಣ್ಣೆ ತೂತು ಇರಲೇಬೇಕು, ಅದೂ ಸರಿಯಾದ ಜಾಗದಲ್ಲಿ. ಇಲ್ಲದಿದ್ದರೆ ಇಡೀ ರಾಕರ್ ಸೆಟ್ ಒಣಗಿ ಹಾಳಾಗುತ್ತದೆ.

ಹೂತ ವಾಲ್ವ್‌ನಿಂದ ಇನ್ನೊಂದು ತೊಂದರೆಯೂ ಇದೆ. ಸ್ಪ್ರಿಂಗ್ ಕೂರುವ ಎತ್ತರ ಜಾಸ್ತಿಯಾಗಿ ಅದರ ಒತ್ತಡ ಕುಗ್ಗುತ್ತದೆ. ಅಳೆದು ನೋಡಿ, ಬೇಕಿದ್ದರೆ ಸ್ಪ್ರಿಂಗ್ ಅಡಿಗೆ ಶಿಮ್ ಹಾಕಿ.

ಹಂತ 5: ತಾಗುವ ಜಾಗ ಮತ್ತು ಪಿಸ್ಟನ್ ದೂರ

ಹೆಡ್ ಕೂರಿಸಿ, ಒಂದು ಸಿಲಿಂಡರ್‌ನ ವಾಲ್ವ್ ತುದಿಗಳಿಗೆ ಮಾರ್ಕರ್ ಶಾಯಿ ಬಳಿಯಿರಿ. ಗ್ಯಾಪ್ ಇಟ್ಟು, ಇಂಜಿನ್ನನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ, ರಾಕರ್ ಎತ್ತಿ ನೋಡಿ. ಶಾಯಿ ಅಳಿಸಿದ ಪಟ್ಟಿ ವಾಲ್ವ್ ತುದಿಯ ನಡುವೆ ಇರಬೇಕು, ಕಿರಿದಾಗಿರಬೇಕು. ಅಂಚಿಗೆ ಸರಿದಿದ್ದರೆ ರಾಕರ್ ವಾಲ್ವ್ ಅನ್ನು ಪಕ್ಕಕ್ಕೆ ತಳ್ಳುತ್ತಿದೆ, ಗೈಡ್ ಬೇಗ ಸವೆಯುತ್ತದೆ. ಆಗ ಶಿಮ್ ಲೆಕ್ಕಕ್ಕೆ ವಾಪಸ್ ಹೋಗಿ.

ಹೆಡ್ ಅಥವಾ ಬ್ಲಾಕ್ ಜಾಸ್ತಿ ಕೆರೆದಿದ್ದರೆ, ಜಾಸ್ತಿ ಲಿಫ್ಟ್‌ನ (ವಾಲ್ವ್ ಅನ್ನು ಜಾಸ್ತಿ ತೆರೆಯುವ) ಕ್ಯಾಮ್ ಹಾಕಿದ್ದರೆ, ವಾಲ್ವ್ ಪಿಸ್ಟನ್‌ಗೆ ಎಷ್ಟು ಹತ್ತಿರ ಬರುತ್ತದೆ ಎಂದೂ ನೋಡಬೇಕು. ಪಿಸ್ಟನ್ ಮೇಲೆ ಮಕ್ಕಳಾಡುವ ಕ್ಲೇ ಇಟ್ಟು, ಹಳೇ ಗ್ಯಾಸ್ಕೆಟ್ ಜೊತೆ ಹೆಡ್ ಬಿಗಿದು ಎರಡು ಸುತ್ತು ತಿರುಗಿಸಿ. ತೆಗೆದು ತೆಳುವಾದ ಜಾಗ ಅಳೆಯಿರಿ. ಇನ್‌ಲೆಟ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಉಳಿದರೆ ನೆಮ್ಮದಿ.

ಹಂತ 6: ಗ್ಯಾಪ್ ಇಡುವುದು

ಹೆಡ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದ ಮೇಲೆಯೇ ಈ ಕೆಲಸ. ಹೆಡ್ ಬಿಗಿದಾಗ ಗ್ಯಾಸ್ಕೆಟ್ ಕುಗ್ಗುತ್ತದೆ, ಗ್ಯಾಪ್ ಬದಲಾಗುತ್ತದೆ.

ಪ್ಲಗ್‌ಗಳನ್ನು ತೆಗೆಯಿರಿ. ಹ್ಯಾಂಡಲ್ ಹಾಕುವ ಅಂಬಾಸಿಡರ್ ಆದರೆ ಇಂಜಿನ್ ತಿರುಗಿಸುವುದು ಸುಲಭ. ಈ ಇಂಜಿನ್ನಿನ ವಾಲ್ವ್ ಸಾಲು ಮುಂದಿನಿಂದ ಹೀಗಿದೆ: ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್, ಮತ್ತೆ ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್. ಇದಕ್ಕೆ ಒಂಬತ್ತರ ಲೆಕ್ಕ ಸಾಕು. ಪೂರ್ತಿ ತೆರೆದ ವಾಲ್ವ್‌ನ ನಂಬರನ್ನು ಒಂಬತ್ತರಲ್ಲಿ ಕಳೆಯಿರಿ. ಬಂದ ನಂಬರಿನ ವಾಲ್ವ್‌ಗೆ ಗ್ಯಾಪ್ ಇಡಿ. 8 ತೆರೆದಾಗ 1, 6 ತೆರೆದಾಗ 3, 4 ತೆರೆದಾಗ 5, 7 ತೆರೆದಾಗ 2. ಆಮೇಲೆ 1 ತೆರೆದಾಗ 8, 3 ತೆರೆದಾಗ 6, 5 ತೆರೆದಾಗ 4, 2 ತೆರೆದಾಗ 7. ಈ ಕ್ರಮದಲ್ಲಿ ಹೋದರೆ ಹ್ಯಾಂಡಲ್ ಸುಮ್ನೆ ಸುತ್ತುವ ಕೆಲಸ ಉಳಿಯುತ್ತದೆ.

ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂಡ್ರೈವರ್‌ನಲ್ಲಿ ಸ್ಕ್ರೂ ಹಿಡಿದು, ಗೇಜ್ ಅಲ್ಪ ಹಿಡಿತದಲ್ಲಿ ಜಾರುವ ಹಾಗೆ ಇಡಿ. ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ನಟ್ ಬಿಗಿಯಿರಿ. ನಂತರ ಮತ್ತೆ ಅಳೆಯಿರಿ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುವುದು ಮಾಮೂಲು, ಅದಕ್ಕೇ ಎರಡನೇ ಅಳತೆ.

ರಾಕರ್ ತುದಿಯಲ್ಲಿ ಸ್ವಲ್ಪ ಸವೆತ ಉಳಿಸಿಕೊಂಡೇ ಕಟ್ಟುವ ಅನಿವಾರ್ಯತೆ ಇದ್ದರೆ ಫೀಲರ್ ಗೇಜ್ ಬಿಟ್ಟು ಡಯಲ್ ಗೇಜ್ (ಮುಳ್ಳಿನಲ್ಲಿ ಅಳತೆ ತೋರಿಸುವ ಗೇಜ್) ಬಳಸಿ. ಅದರ ಮೊನೆಯನ್ನು ರಾಕರ್ ಮೇಲೆ, ವಾಲ್ವ್ ತುದಿಯ ನೇರಕ್ಕೆ ಇಡಿ. ರಾಕರ್ ಅನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಮುಳ್ಳು ಎಷ್ಟು ಓಡಾಡುತ್ತದೋ ಅದೇ ನಿಜವಾದ ಗ್ಯಾಪ್.

ಗ್ಯಾಪ್ ಇಟ್ಟ ವಾಲ್ವ್ ಮುಚ್ಚಿರುವ ಅವಧಿಯಲ್ಲೇ ಇಂಜಿನ್ನನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಗೇಜ್ ಆಡಿಸಿ ನೋಡಿ. ಒಂದೆಡೆ ಬಿಗಿ, ಒಂದೆಡೆ ಸಡಿಲ ಅನ್ನಿಸಿದರೆ ಕ್ಯಾಮ್‌ನ ದುಂಡು ಭಾಗವೇ ದುಂಡಗಿಲ್ಲ. ಸರಿಯಾಗಿ ರೀಗ್ರೈಂಡ್ ಆಗದ ಕ್ಯಾಮ್‌ನಲ್ಲಿ ಹೀಗಾಗುತ್ತದೆ. ಅದನ್ನು ಯಾವ ಸ್ಕ್ರೂ ಕೂಡ ಸರಿ ಮಾಡುವುದಿಲ್ಲ, ಕ್ಯಾಮ್ ಹೊರಬರಬೇಕು.

ಹಂತ 7: ಮೊದಲ ಸ್ಟಾರ್ಟ್ ಮತ್ತು ಆಮೇಲಿನ ದಿನಗಳು

ಹೊಸ ಕ್ಯಾಮ್, ಟ್ಯಾಪೆಟ್ ಹಾಕಿದ್ದರೆ ಮೊದಲ ಸ್ಟಾರ್ಟ್ ಬಹಳ ಮುಖ್ಯ. ಸತುವಿನ ಅಂಶ ಸಾಕಷ್ಟಿರುವ, ಹಳೇ ಇಂಜಿನ್ನುಗಳಿಗೆ ಹೊಂದುವ ಎಣ್ಣೆ ಹಾಕಿ. ಪ್ಲಗ್ ತೆಗೆದು ಕ್ರ್ಯಾಂಕ್ ಮಾಡಿ ಎಣ್ಣೆ ಪ್ರೆಶರ್ ಬರುವುದನ್ನೂ, ಎಲ್ಲ ರಾಕರ್‌ಗಳಿಂದ ಎಣ್ಣೆ ಜಿನುಗುವುದನ್ನೂ ಕಣ್ಣಾರೆ ನೋಡಿ. ಸ್ಟಾರ್ಟ್ ಆದ ತಕ್ಷಣ ಐಡ್ಲಿಂಗ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸಿ. ಐಡ್ಲಿಂಗ್‌ನಲ್ಲಿ ಕ್ಯಾಮ್‌ಗೆ ಚಿಮ್ಮುವ ಎಣ್ಣೆ ಸಾಲುವುದಿಲ್ಲ.

ಕೆಲವು ನೂರು ಕಿ.ಮೀ. ಓಡಿದ ಮೇಲೆ ಮ್ಯಾನ್ಯುಯಲ್ ಹೇಳಿದ ಹಾಗೆ ಹೆಡ್ ನಟ್ ಮತ್ತೆ ಟಾರ್ಕ್ ಮಾಡಿ, ನಂತರ ಗ್ಯಾಪ್ ಮತ್ತೆ ಇಡಿ. ಆ ಅಂಕಿಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಆಮೇಲೆ ಗಮನ ಕೊಡಬೇಕಾದ್ದು 1, 4, 5, 8ನೇ ವಾಲ್ವ್‌ಗಳಿಗೆ, ಅಂದರೆ ಎಕ್ಸಾಸ್ಟ್‌ಗಳಿಗೆ. ಈ ಇಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಭಾರತದಲ್ಲಿ 2000ದ ಫೆಬ್ರವರಿಯಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲ್ ಬಂತು. ಸೀಸ ಇದ್ದಾಗ ಅದರ ತೆಳು ಪದರ ಸೀಟನ್ನು ಕಾಪಾಡುತ್ತಿತ್ತು. ಈಗ ಹೆಡ್‌ನ ಬರೀ ಎರಕದ ಕಬ್ಬಿಣದ ಸೀಟ್ ಮೇಲೆ ಎಕ್ಸಾಸ್ಟ್ ವಾಲ್ವ್ ಬಡಿದು ನಿಧಾನವಾಗಿ ಹೂತುಕೊಳ್ಳುತ್ತದೆ, ಹೈವೇಯಲ್ಲಿ ವೇಗವಾಗಿ ಓಡಿಸುವ ಗಾಡಿಯಲ್ಲಿ ಇನ್ನೂ ಬೇಗ. ಹಾಗಾಗಿ ಸುಮಾರು 5,000 ಕಿ.ಮೀ.ಗೊಮ್ಮೆ ಅಳೆದು ಪುಸ್ತಕದ ಅಂಕಿ ಜೊತೆ ಹೋಲಿಸಿ. ಇನ್‌ಲೆಟ್ ಗ್ಯಾಪ್ ಹಾಗೇ ಇದ್ದು ಎಕ್ಸಾಸ್ಟ್ ಗ್ಯಾಪ್ ಮಾತ್ರ ಪ್ರತಿ ಸಲ ಕಡಿಮೆಯಾಗುತ್ತಿದ್ದರೆ ಸೀಟ್ ಹೋಗುತ್ತಿದೆ ಎಂದೇ ಅರ್ಥ. ಮುಂದಿನ ಸಲ ಹೆಡ್ ಇಳಿಸಿದಾಗ ನಾಲ್ಕೂ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ರಿಂಗ್ ಹಾಕಿಸಿ. ಈಗ ಇಂಜಿನ್ ಬಿಚ್ಚಿಯೇ ಇದ್ದರೆ ಮುಂದಿನ ಸಲಕ್ಕೆ ಕಾಯಬೇಡಿ, ಈಗಲೇ ಹಾಕಿಸಿಬಿಡಿ.